ಚಳಿ ಆಗುವುದು ಗೋಡೆಗಲ್ಲ

ಬೆಂಗಳೂರಿನ ಹವಾಮಾನ ದಾಖಲೆಯಲ್ಲಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್. 1884ರ ಜನವರಿ 13ರದು. ಅದಾಗಿ ನೂರನಲವತ್ತು ವರ್ಷ ಕಳೆದರೂ ಆ ಮಟ್ಟಕ್ಕೆ ಇಳಿದ ಇನ್ನೊಂದು ರಾತ್ರಿ ಈ ಊರಿಗೆ ಬಂದಿಲ್ಲ. ಈಗಿನ ಜನವರಿಯ ನಸುಕು ಹೆಚ್ಚುಕಡಿಮೆ 15–16 ಡಿಗ್ರಿಯದು, ಅದೇ ದಿನದ ಮಧ್ಯಾಹ್ನ 27ರ ಆಸುಪಾಸಿನದು. ಶಿಮ್ಲಾದವರು ಕೇಳಿದರೆ ನಕ್ಕುಬಿಡುವಂಥ ಈ ಅಂಕಿಗಳನ್ನು ನೆಚ್ಚಿಕೊಂಡೇ ನಮ್ಮ ಎಲೆಕ್ಟ್ರಿಕಲ್ ಅಂಗಡಿಗಳು ಡಿಸೆಂಬರ್ ಬಂತೆಂದರೆ ಫ್ಯಾನುಗಳನ್ನು ಹಿಂದಕ್ಕೆ ಸರಿಸಿ ರೂಮ್ ಹೀಟರುಗಳನ್ನು ಮುಂದೆ ಜೋಡಿಸುತ್ತವೆ. ಇದರಲ್ಲಿ ನಗುವಂಥದ್ದೇನೂ ಇಲ್ಲ. ಹತ್ತಿಯ ಬಟ್ಟೆ ತೊಟ್ಟು, ಬರಿಗಾಲಲ್ಲಿ ಗ್ರಾನೈಟ್ ನೆಲದ ಮೇಲೆ ನಿಂತವನಿಗೆ ಬೆಳಗಿನ ಆರು ಗಂಟೆಗೆ ಆಗುವ ಚಳಿ ನಿಜವಾದ ಚಳಿಯೇ. ಥರ್ಮಾಮೀಟರಿನ ಮರ್ಯಾದೆ ಉಳಿಸಲೆಂದು ಯಾರೂ ನಡುಗದೆ ಕೂರಬೇಕಾಗಿಲ್ಲ. ನನ್ನ ತಕರಾರು ಚಳಿಯ ಬಗ್ಗೆ ಅಲ್ಲ, ಅಂಗಡಿಯಲ್ಲಿ ಕೇಳುವ ಪ್ರಶ್ನೆಯ ಬಗ್ಗೆ. "ಇದರಲ್ಲಿ ಯಾವುದು ಒಳ್ಳೇದು?" ಎಂದು ನಾವು ಕೇಳುತ್ತೇವೆ, ಅಂಗಡಿಯವನು ಯಾವುದರಲ್ಲಿ ಅವನಿಗೆ ಒಳ್ಳೆಯದಿದೆಯೋ ಅದನ್ನು ತೋರಿಸುತ್ತಾನೆ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ: ಬಿಸಿ ಮಾಡಬೇಕಾಗಿರುವುದು ಕೋಣೆಯನ್ನೋ, ಕೋಣೆಯಲ್ಲಿ ಕೂತವರನ್ನೋ? ನಮ್ಮ ಕಡೆಯ ಮನೆಗಳಿಗೆ, ನಮ್ಮ ಕಡೆಯ ಚಳಿಗೆ, ಉತ್ತರ ಬಹುಮಟ್ಟಿಗೆ ಎರಡನೆಯದು ಎಂಬುದು ನನ್ನ ವಾದ. ಹೀಟರಿನ ಆಯ್ಕೆ ಈ ಉತ್ತರದ ಹಿಂದೆ ತಾನಾಗಿ ಬರುತ್ತದೆ.

ಮೊದಲು ಒಂದು ಭ್ರಮೆಯನ್ನು ದಾಟಬೇಕು. ಡಬ್ಬದ ಮೇಲೆ "ಕಡಿಮೆ ಕರೆಂಟು, ಹೆಚ್ಚು ಬಿಸಿ" ಎಂಬ ಅರ್ಥದ ಮಾತು ಯಾವ ಅಕ್ಷರದಲ್ಲಿ ಬರೆದಿದ್ದರೂ ನಂಬಬೇಕಾಗಿಲ್ಲ. ತಂತಿಯಲ್ಲಿ ವಿದ್ಯುತ್ ಹರಿದಾಗ ಎಷ್ಟು ಶಾಖ ಹುಟ್ಟುತ್ತದೆ ಎಂಬ ಲೆಕ್ಕವನ್ನು ಇಂಗ್ಲೆಂಡಿನ ಜೇಮ್ಸ್ ಜೂಲ್ 1841ರಲ್ಲೇ ಮುಗಿಸಿಟ್ಟಿದ್ದಾನೆ. ಕೆಂಪಗೆ ಕಾದರೂ ಬೇಗ ಸುಟ್ಟುಹೋಗದ ನೈಕ್ರೋಮ್ ತಂತಿಗೆ ಅಮೆರಿಕದ ಆಲ್ಬರ್ಟ್ ಮಾರ್ಷ್ 1906ರಲ್ಲಿ ಪೇಟೆಂಟ್ ಪಡೆದ. ಇಸ್ತ್ರಿಪೆಟ್ಟಿಗೆಯಿಂದ ಹಿಡಿದು ಬ್ಲೋವರ್‌ವರೆಗೆ ಮನೆಯ ಬಿಸಿಯ ಸಾಮಾನಿನ ಹೊಟ್ಟೆಯಲ್ಲಿರುವುದು ಇವತ್ತಿಗೂ ಹೆಚ್ಚಾಗಿ ಆ ಜಾತಿಯ ತಂತಿಯೇ. ಕ್ವಾರ್ಟ್ಜ್ ನಳಿಗೆಯ ರಾಡ್ ಹೀಟರ್, ಹ್ಯಾಲೊಜೆನ್, ಬ್ಲೋವರ್, ಸೆರಾಮಿಕ್, ಎಣ್ಣೆ ತುಂಬಿದ ರೇಡಿಯೇಟರ್ ಎಲ್ಲವೂ ಒಳಗೆ ಬಂದ ಕರೆಂಟನ್ನು ಕೊನೆಗೆ ಶಾಖ ಮಾಡಿಯೇ ಬಿಡುತ್ತವೆ. ಒಂದು ಯೂನಿಟ್ ಕೊಟ್ಟರೆ ಒಂದು ಯೂನಿಟ್ಟಿನ ಶಾಖ, ಅಂದರೆ 860 ಕಿಲೊಕ್ಯಾಲೊರಿ. ಸಾವಿರದ ಇನ್ನೂರು ರೂಪಾಯಿಯ ಬ್ಲೋವರ್ ಕೊಡುವುದೂ ಅಷ್ಟೇ, ಹತ್ತು ಸಾವಿರದ ಆಯಿಲ್ ಹೀಟರ್ ಕೊಡುವುದೂ ಅಷ್ಟೇ. ಆಯಿಲ್ ಹೀಟರ್ ಮಾರುವವರು ಫಿನ್ನುಗಳನ್ನು ಎಣಿಸಿ ತೋರಿಸುತ್ತಾರೆ: ಒಂಬತ್ತು, ಹನ್ನೊಂದು, ಹದಿಮೂರು. ಫಿನ್ ಹೆಚ್ಚಾದರೆ ಶಾಖ ಹೊರಬೀಳುವ ಮೈ ದೊಡ್ಡದಾಗುತ್ತದೆ, ಹೊರಮೈಯ ಕಾವು ಸ್ವಲ್ಪ ಕಡಿಮೆ ಇರುತ್ತದೆ, ಅಷ್ಟೆ. ಫಿನ್ ತಾನೇ ಶಾಖ ಹುಟ್ಟಿಸುವುದಿಲ್ಲ. ಹೀಟರುಗಳು ಒಂದಕ್ಕಿಂತ ಒಂದು ಭಿನ್ನವಾಗುವುದು ಎಷ್ಟು ಬಿಸಿ ಎಂಬುದರಲ್ಲಿ ಅಲ್ಲ; ಆ ಬಿಸಿಯನ್ನು ಎಲ್ಲಿಗೆ ಕಳಿಸುತ್ತವೆ, ಎಷ್ಟು ಬೇಗ ಕಳಿಸುತ್ತವೆ ಎಂಬುದರಲ್ಲಿ.

ಎಲ್ಲಿಗೆ ಎಂಬುದನ್ನು ಹಿಡಿಯಲು ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತಡಿ ಎತ್ತರದ ಒಂದು ಮಲಗುವ ಕೋಣೆ ಸಾಕು. ಅದರೊಳಗಿನ ಗಾಳಿಯ ತೂಕ ಸುಮಾರು 41 ಕೆ.ಜಿ. ಇಷ್ಟು ಗಾಳಿಯನ್ನು ಎಂಟು ಡಿಗ್ರಿ ಬಿಸಿ ಮಾಡಲು 2000 ವಾಟ್‌ನ ಹೀಟರಿಗೆ ಲೆಕ್ಕದ ಪ್ರಕಾರ ಮೂರು ನಿಮಿಷವೂ ಬೇಡ. ಹಾಗಿದ್ದರೆ ಒಂದು ಗಂಟೆ ಉರಿಸಿದರೂ ಕೋಣೆ ಯಾಕೆ ಬೆಚ್ಚಗಾಗುವುದಿಲ್ಲ, ಆರಿಸಿದ ಹತ್ತೇ ನಿಮಿಷಕ್ಕೆ ಯಾಕೆ ಮತ್ತೆ ತಣ್ಣಗಾಗುತ್ತದೆ? ಯಾಕೆಂದರೆ ಆ 41 ಕೆ.ಜಿ. ಗಾಳಿಯ ಸುತ್ತ ಗೋಡೆ ಇದೆ. ಆರಿಂಚಿನ ಇಟ್ಟಿಗೆ ಅಥವಾ ಬ್ಲಾಕ್ ಗೋಡೆ, ಕಿಟಕಿ ಬಾಗಿಲು ಕಳೆದು ಲೆಕ್ಕ ಹಾಕಿದರೂ, ಹತ್ತು ಟನ್ ತೂಗುತ್ತದೆ. ಅದನ್ನು ಪೂರ್ತಿಯಾಗಿ ಒಂದೇ ಒಂದು ಡಿಗ್ರಿ ಮೇಲೇರಿಸಲು ಎರಡು ಯೂನಿಟ್ಟಿಗಿಂತ ಹೆಚ್ಚು ಬೇಕು, ಅಂದರೆ ಅದೇ ಹೀಟರ್ ಒಂದು ಗಂಟೆಗೂ ಮಿಕ್ಕಿ ಉರಿಯಬೇಕು. ಮೇಲಿನ ಆರ್‌ಸಿಸಿ, ಕೆಳಗಿನ ನೆಲ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಬಿಸಿಯಾದ ಗಾಳಿ ಗೋಡೆಗೆ ತಾಗುತ್ತದೆ, ಗೋಡೆ ಅದನ್ನು ನುಂಗಿ ಸುಮ್ಮನಿರುತ್ತದೆ. ನುಂಗದೆ ಉಳಿದದ್ದು ಕಿಟಕಿಯ ಸಂದಿ, ಬಾಗಿಲ ಕೆಳಗಿನ ಅರ್ಧ ಇಂಚು, ಹಳೆಯ ಮನೆಯಾದರೆ ಗೋಡೆಯ ಮೇಲ್ಭಾಗದ ವೆಂಟಿಲೇಟರ್, ಇವುಗಳ ಮೂಲಕ ಬೀದಿಗೆ ಹೋಗುತ್ತದೆ. ನಮ್ಮ ಮನೆಗಳನ್ನು ಕಟ್ಟಿದ್ದು ಬಿಸಿಯನ್ನು ಹಿಡಿದಿಡಲು ಅಲ್ಲ, ಹೊರಗೆ ಕಳಿಸಲು. ಏಪ್ರಿಲ್ ತಿಂಗಳಲ್ಲಿ ನಾವು ಹೊಗಳುವ ಗುಣವನ್ನೇ ಜನವರಿಯಲ್ಲಿ ಬೈಯುವುದು ನ್ಯಾಯವಲ್ಲ. ಇಂಥ ಕೋಣೆಯನ್ನು ಒಬ್ಬರಿಗಾಗಿ ಇಡಿಯಾಗಿ ಬಿಸಿ ಮಾಡ ಹೊರಡುವುದು ಊರಿಗೆಲ್ಲ ಅನ್ನ ಬೇಯಿಸಿ ಒಬ್ಬನಿಗೆ ಬಡಿಸಿದ ಹಾಗೆ.

ಮೈಯ ಲೆಕ್ಕ ಇದಕ್ಕಿಂತ ತೀರ ಚಿಕ್ಕದು. ಸುಮ್ಮನೆ ಕೂತ ಮನುಷ್ಯನ ದೇಹ ಸುಮಾರು 100 ವಾಟ್ ಶಾಖವನ್ನು ತಾನೇ ಹೊರಹಾಕುತ್ತಿರುತ್ತದೆ, ಅದರಲ್ಲಿ ದೊಡ್ಡ ಪಾಲು ಸುತ್ತಲಿನ ತಣ್ಣನೆಯ ಗೋಡೆ, ನೆಲ, ಗಾಜುಗಳ ಕಡೆಗೆ ವಿಕಿರಣವಾಗಿ ಹೋಗುತ್ತದೆ. ಚಳಿ ಅನ್ನುವುದು ಈ ಆಯವ್ಯಯದಲ್ಲಿ ಬೀಳುವ ಸಣ್ಣ ಖೋತಾ. ಅದನ್ನು ತುಂಬಲು ಎರಡು ದಾರಿ ಇವೆ: ಹೋಗುವುದನ್ನು ತಡೆಯುವುದು, ಅಥವಾ ಬರುವುದನ್ನು ಹೆಚ್ಚಿಸುವುದು. ತಡೆಯುವ ಕೆಲಸವನ್ನು ಸ್ವೆಟರು, ಕಾಲುಚೀಲ, ನೆಲದ ಮೇಲಿನ ಜಮಖಾನ, ಚಳ್ಳಕೆರೆಯ ಕಂಬಳಿ ಇವೆಲ್ಲ ಕರೆಂಟಿಲ್ಲದೆ ಮಾಡುತ್ತವೆ. ಹೆಚ್ಚಿಸುವ ಕೆಲಸಕ್ಕೆ ಗಾಳಿಯ ಮಧ್ಯಸ್ಥಿಕೆ ಬೇಕಾಗಿಯೇ ಇಲ್ಲ. 1800ರಲ್ಲಿ ವಿಲಿಯಂ ಹರ್ಷೆಲ್ ಬಿಸಿಲನ್ನು ಪಟ್ಟಕದಲ್ಲಿ ಒಡೆದು, ಕೆಂಪು ಬಣ್ಣದ ಆಚೆ ಕಣ್ಣಿಗೆ ಏನೂ ಕಾಣದ ಜಾಗದಲ್ಲಿ ಥರ್ಮಾಮೀಟರ್ ಇಟ್ಟು ನೋಡಿದಾಗ ಪಾದರಸ ಅಲ್ಲಿಯೇ ಹೆಚ್ಚು ಏರಿತು. ಚಳಿಗಾಲದ ಬೆಳಗ್ಗೆ ಬಿಸಿಲು ಬೀಳುವ ಜಗಲಿಯಲ್ಲಿ ಕೂತು ಪೇಪರ್ ಓದುವವರಿಗೆ ಗಾಳಿ ತಣ್ಣಗಿದ್ದರೂ ಮೈ ಹಿತವಾಗುವುದರಲ್ಲಿ ಆ ಕಾಣದ ಕಿರಣದ ಪಾಲು ದೊಡ್ಡದು. ರಾಡ್ ಹೀಟರ್ ಮಾಡುವುದು ಇದನ್ನೇ: ಎದುರಿಗೆ ಕೂತವರ ಮೇಲೆ ನೇರವಾಗಿ ಕಾವು ಬೀರುತ್ತದೆ, ಸ್ವಿಚ್ ಹಾಕಿದ ಅರೆನಿಮಿಷಕ್ಕೆ ಗೊತ್ತಾಗುತ್ತದೆ. ಎರಡು ರಾಡಿನ ಸಾಧಾರಣ ಹೀಟರಿಗೆ 800 ವಾಟ್ ಸಾಕು. ಓದುವವರಿಗೆ, ಕಂಪ್ಯೂಟರ್ ಮುಂದೆ ಕೂತವರಿಗೆ ಅದರಲ್ಲಿ ಒಂದೇ ರಾಡು, 400 ವಾಟ್, ಬೇಕಾದಷ್ಟಾಯಿತು. ಹಾಸಿಗೆಗಂತೂ ಇನ್ನೂ ಕಡಿಮೆ. ಬೆಡ್‌ಶೀಟಿನ ಕೆಳಗೆ ಹಾಸುವ ಎಲೆಕ್ಟ್ರಿಕ್ ಹಾಸು ಒಬ್ಬರಿಗೆ 60 ವಾಟ್‌ನಷ್ಟು ತಿನ್ನುತ್ತದೆ. ಎಂಟು ಗಂಟೆ ಹಾಕಿಟ್ಟರೂ ಅರ್ಧ ಯೂನಿಟ್ ತುಂಬುವುದಿಲ್ಲ, ಅಂದರೆ 2000 ವಾಟ್‌ನ ಬ್ಲೋವರ್ ಕಾಲು ಗಂಟೆಯಲ್ಲಿ ಊದಿ ಮುಗಿಸುವ ಕರೆಂಟಿನಲ್ಲಿ ಒಂದು ರಾತ್ರಿಯ ನಿದ್ದೆ. ಮಲೆನಾಡಿನ ಹಳೆಯ ಮನೆಗಳು ಇದನ್ನು ಯಾವ ಸೂತ್ರವೂ ಇಲ್ಲದೆ ನಡೆಸಿಕೊಂಡು ಬಂದಿದ್ದವು. ಅಗ್ಗಿಷ್ಟಿಕೆಯ ಸುತ್ತ ಜನ ಕೂರುತ್ತಿದ್ದರೇ ಹೊರತು ಅದರಿಂದ ಅಷ್ಟು ದೊಡ್ಡ ಮನೆ ಬೆಚ್ಚಗಾಗಲೆಂದು ಯಾರೂ ಬಯಸಿರಲಿಲ್ಲ. ಬಚ್ಚಲೊಲೆಯಂತೂ ಹಂಡೆಯ ನೀರಿನ ಜೊತೆಗೆ ಮೀಯುವವರ ಬೆನ್ನನ್ನೂ ಕಾಯಿಸುತ್ತಿತ್ತು. ಗೀಸರ್ ಬಂದು ನೀರಿನ ಅರ್ಧವನ್ನು ಉಳಿಸಿಕೊಂಡಿತು, ಬೆನ್ನಿನ ಅರ್ಧವನ್ನು ಕೈಬಿಟ್ಟಿತು. ಟವೆಲ್ ಸುತ್ತಿಕೊಂಡು ಹೊರಬರುವ ಆ ಎರಡು ನಿಮಿಷದ ನಡುಕ ಹೀಟರ್ ವ್ಯಾಪಾರಕ್ಕೆ ಸಿಕ್ಕ ದೊಡ್ಡ ವರದಾನ.

ಖರ್ಚಿನ ಮಾತನ್ನು ರೂಪಾಯಿಯಲ್ಲಿ ಆಡುವುದಕ್ಕಿಂತ ಯೂನಿಟ್ಟಿನಲ್ಲಿ ಆಡುವುದು ಕರ್ನಾಟಕದಲ್ಲಿ ಈಗ ಹೆಚ್ಚು ಅರ್ಥಪೂರ್ಣ. 2023ರಲ್ಲಿ ಬಂದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಲೆಕ್ಕದಲ್ಲಿ ಪ್ರತಿ ಮನೆಗೂ ಅದರ ಹಿಂದಿನ ಬಳಕೆಯ ಸರಾಸರಿಯ ಮೇಲೆ ಒಂದು ಮಿತಿ ಇದೆ, ಎಲ್ಲರಿಗೂ ಸೇರಿ 200 ಯೂನಿಟ್ಟಿನ ಗೆರೆ ಇದೆ. ತಿಂಗಳ ಬಳಕೆ ಆ ಗೆರೆ ದಾಟಿದರೆ ದಾಟಿದಷ್ಟಕ್ಕಲ್ಲ, ಪೂರ್ತಿ ಬಿಲ್ಲಿಗೆ ಹಣ ಕಟ್ಟಬೇಕು. 2000 ವಾಟ್‌ನ ಹೀಟರ್ ದಿನಕ್ಕೆ ಮೂರು ಗಂಟೆ ಉರಿದರೆ ಆರು ಯೂನಿಟ್, ತಿಂಗಳಿಗೆ 180. ಮನೆಯ ಫ್ರಿಜ್ಜು, ಗೀಸರು, ಮಿಕ್ಸಿ, ದೀಪ ಎಲ್ಲ ಉಳಿದ 20ರಲ್ಲಿ ಹೊಟ್ಟೆ ಹೊರೆಯಬೇಕು, ಆಗದ ಮಾತು. ಅದೇ ಮನೆಯಲ್ಲಿ ಎರಡು ರಾಡಿನ ಹೀಟರ್ ದಿನಕ್ಕೆ ಒಂದೂವರೆ ಗಂಟೆ ಉರಿದರೆ ತಿಂಗಳಿಗೆ 36, ಹಾಸಿಗೆಯ ಹಾಸು ಇಡೀ ತಿಂಗಳು ಬಳಸಿದರೆ ಹದಿನೈದಕ್ಕಿಂತ ಕಡಿಮೆ. ಬ್ಲೋವರ್ ಅಗ್ಗ ಎಂದು ಕೊಂಡವರು ಅದರ ಬೆಲೆಯನ್ನು ಜನವರಿಯ ಬಿಲ್ಲಿನಲ್ಲಿ ಇನ್ನೊಮ್ಮೆ ಕೊಡುತ್ತಾರೆ.

ಇಷ್ಟು ಹೇಳಿದಾಗ ಬರುವ ಮೊದಲ ಆಕ್ಷೇಪ ಎಲ್ಲರ ಬಾಯಲ್ಲೂ ಇರುವಂಥದ್ದು: ರಾಡ್ ಹೀಟರ್ ಕೋಣೆಯ ಆಮ್ಲಜನಕವನ್ನು ಸುಡುತ್ತದೆ, ಆದ್ದರಿಂದ ಆಯಿಲ್ ಹೀಟರೇ ಆರೋಗ್ಯಕ್ಕೆ ಒಳ್ಳೆಯದು. ಆಮ್ಲಜನಕ ಖರ್ಚಾಗುವುದು ಏನಾದರೂ ಉರಿದಾಗ. ಇದ್ದಿಲು ಉರಿಯುತ್ತದೆ, ಗ್ಯಾಸ್ ಉರಿಯುತ್ತದೆ. ನಳಿಗೆಯೊಳಗಿನ ತಂತಿ ಕೆಂಪಗಾಗುತ್ತದೆಯೇ ಹೊರತು ಉರಿಯುವುದಿಲ್ಲ, ಉರಿದರೆ ಮಾರನೆಯ ದಿನಕ್ಕೆ ಅದೇ ಇರುವುದಿಲ್ಲ. ಉತ್ತರ ಭಾರತದಲ್ಲಿ ಪ್ರತಿ ಚಳಿಗಾಲ ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಂಗೀಠಿ ಇಟ್ಟು ಮಲಗಿದವರು ಸಾಯುವುದು ಕಾರ್ಬನ್ ಮೊನಾಕ್ಸೈಡಿನಿಂದ. ಆ ಭಯವನ್ನು ತಂದು ಎಲೆಕ್ಟ್ರಿಕ್ ಹೀಟರಿಗೆ ಅಂಟಿಸಿದ್ದೇವೆ. ಗಾಳಿ ಒಣಗುತ್ತದೆ ಎಂಬ ದೂರಿನಲ್ಲಿ ಮಾತ್ರ ಅರ್ಧ ಸತ್ಯವಿದೆ. ಹೀಟರ್ ತೇವವನ್ನು ತೆಗೆಯುವುದಿಲ್ಲ. ಗಾಳಿ ಬಿಸಿಯಾದಷ್ಟೂ ಅದು ಹಿಡಿಯಬಲ್ಲ ತೇವ ಹೆಚ್ಚುತ್ತದೆ, ಹಾಗಾಗಿ ಇದ್ದ ತೇವವೇ ಕಡಿಮೆ ಅನ್ನಿಸಿ ತುಟಿ, ಗಂಟಲು ಒಣಗುತ್ತವೆ. 7 ಡಿಗ್ರಿಯಲ್ಲಿ ಮಂಜು ಕವಿದ ದೆಹಲಿಯ ಗಾಳಿಯನ್ನು 22ಕ್ಕೆ ಏರಿಸಿದರೆ ಅದರ ಸಾಪೇಕ್ಷ ಆರ್ದ್ರತೆ ಶೇ 90ರಿಂದ 34ರ ಸುಮಾರಿಗೆ ಇಳಿಯುತ್ತದೆ. ಇದು ಯಾವ ಹೀಟರಿನಿಂದ ಗಾಳಿ ಬಿಸಿಯಾದರೂ ಆಗುವುದೇ, ಆಯಿಲ್ ಹೀಟರಿಗೆ ವಿನಾಯಿತಿ ಇಲ್ಲ. ಬ್ಲೋವರ್ ಆ ಒಣಗಾಳಿಯನ್ನು ಮುಖಕ್ಕೆ ಬೀಸುವುದರಿಂದ ಹೆಚ್ಚು ಕಾಡುತ್ತದೆ. ಗಾಳಿಯನ್ನು ಕಡಿಮೆ ಬಿಸಿ ಮಾಡಿ ಮೈಯನ್ನು ಹೆಚ್ಚು ಬಿಸಿ ಮಾಡುವ ಸಾಧನಕ್ಕೆ ಈ ದೂರು ಸಲ್ಲುವುದೂ ಕಡಿಮೆ.

ಎರಡನೆಯ ಆಕ್ಷೇಪ ಗಟ್ಟಿಯಾದದ್ದು. ಮನೆಯಲ್ಲಿ ಬಾಣಂತಿ ಇದ್ದಾಳೆ, ಹಸುಗೂಸು ಇದೆ, ಅಥವಾ ಎಂಬತ್ತು ದಾಟಿದ ಹಿರಿಯರಿದ್ದಾರೆ; ಅವರನ್ನು ರಾಡಿನ ಮುಂದೆ ಕೂರಿಸುವುದೆ? ಖಂಡಿತ ಇಲ್ಲ. ಮಗುವಿಗೆ ಬಿಸಿ ಹೆಚ್ಚಾಯಿತೆಂದು ದೂರ ಸರಿಯಲು ಬರುವುದಿಲ್ಲ, ಎಲೆಕ್ಟ್ರಿಕ್ ಹಾಸಿನ ಮೇಲೆ ಅದನ್ನು ಮಲಗಿಸಲೇಬಾರದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾದವರಿಗೂ ಹಾಸು, ಹತ್ತಿರದ ರಾಡು ಎರಡೂ ಅಪಾಯ. ಸುಟ್ಟದ್ದು ಗೊತ್ತಾಗುವುದೇ ಗಾಯವಾದ ಮೇಲೆ. ಇಲ್ಲಿ ಕೋಣೆಯನ್ನೇ ಬಿಸಿ ಮಾಡಬೇಕು, ಇಲ್ಲಿ ಆಯಿಲ್ ಹೀಟರ್ ತನ್ನ ಬೆಲೆಗೆ ತಕ್ಕುದಾಗಿ ದುಡಿಯುತ್ತದೆ. ಅದಕ್ಕೆ ಬೆಳಕಿಲ್ಲ, ಸದ್ದಿಲ್ಲ, ಕೆಂಡದಂತೆ ಕಾದ ಮೈ ಇಲ್ಲ; ಥರ್ಮೋಸ್ಟಾಟ್ ಆಗಾಗ ಆರಿಸಿ ಹೊತ್ತಿಸಿ ರಾತ್ರಿಯಿಡೀ ಒಂದೇ ಹದ ಕಾಯುತ್ತದೆ. ಮನೆಯಲ್ಲಿ ಎಲ್ಲಕ್ಕಿಂತ ಚಿಕ್ಕ ಕೋಣೆಯನ್ನು, ಹೊರಗೋಡೆ ಕಡಿಮೆ ಇರುವ ಕೋಣೆಯನ್ನು ಆರಿಸಿ, ಬಾಗಿಲ ಸಂದಿಗೆ ಬಟ್ಟೆ ಸುತ್ತಿಟ್ಟು, ಮಲಗುವುದಕ್ಕೆ ಒಂದು ಗಂಟೆ ಮೊದಲೇ ಹಾಕಿದರೆ ಅದು ಮಾತು ಉಳಿಸಿಕೊಳ್ಳುತ್ತದೆ. ಹೀಟರಿನ ಮೇಲೆ ಲಂಗೋಟಿ ಒಣಹಾಕುವ ಆಸೆಯನ್ನು ಮಾತ್ರ ಅದುಮಿಕೊಳ್ಳಬೇಕು. ಆದರೂ ಒಂದು ಮಾತು: ತೂಕ ಕಡಿಮೆ ಇರುವ ನವಜಾತ ಶಿಶುಗಳಿಗೆ ಇವತ್ತು ಜಗತ್ತಿನಾದ್ಯಂತ ಒಪ್ಪಿರುವ ಕಾಂಗರೂ ಆರೈಕೆ, 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಹೋದಾಗ ಹುಟ್ಟಿದ್ದು, ಮಗುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಳ್ಳುವುದು. ಅಲ್ಲಿಯೂ ಕೊನೆಗೆ ಕಾದದ್ದು ಕೋಣೆಯಲ್ಲ.

ದೆಹಲಿಯ ರಾಮಕೃಷ್ಣಪುರದಲ್ಲೋ ಮಯೂರ ವಿಹಾರದಲ್ಲೋ ಇರುವ ಕನ್ನಡಿಗರು ಈ ವಾದಕ್ಕೆ ತಲೆದೂಗಬೇಕಾಗಿಲ್ಲ. ಅಲ್ಲಿ ಮಂಜು ಕವಿದ ವಾರಗಳಲ್ಲಿ ಹಗಲೂ ಬಿಸಿಲು ಬೀಳುವುದಿಲ್ಲ, ಗೋಡೆ ದಿನದಿಂದ ದಿನಕ್ಕೆ ತಣ್ಣಗಾಗುತ್ತ ಹೋಗುತ್ತದೆ. ಅಂಥ ಕಡೆ ಬಿಸಿ ತಂಪು ಎರಡೂ ಕೊಡುವ ಇನ್ವರ್ಟರ್ ಎ.ಸಿ. ಎಲ್ಲ ಹೀಟರುಗಳನ್ನೂ ಸೋಲಿಸುತ್ತದೆ. ಅದು ಶಾಖವನ್ನು ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಲ್ಲಿರುವುದನ್ನು ಒಳಕ್ಕೆ ಎತ್ತಿ ಹಾಕುತ್ತದೆ; ಹಾಗಾಗಿ ಒಂದು ಯೂನಿಟ್ಟಿಗೆ ಮೂರು ಯೂನಿಟ್ಟಿನಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಶಾಖ ಕೊಡಬಲ್ಲದು. ಬೇಸಿಗೆಗೆ ಹೇಗೂ ಎ.ಸಿ. ಬೇಕಾದ ಊರಿನಲ್ಲಿ ಈ ಗುಣಕ್ಕೆಂದು ಕೊಡುವ ಹೆಚ್ಚಿನ ಹಣ ದಂಡವಲ್ಲ. ಬೆಂಗಳೂರಿನಲ್ಲಿ ಈಗಾಗಲೇ ಅಂಥದ್ದೊಂದು ಗೋಡೆಯ ಮೇಲಿದ್ದರೆ ಬಳಸಿಕೊಳ್ಳಬಹುದು. ಕೆಲವು ವಾರಗಳ ನಸುಕಿನ ಚಳಿಗೆಂದೇ ಕೊಳ್ಳುವುದು ಅತಿಯಾಯಿತು. ಅಮೆರಿಕದಲ್ಲಿರುವವರ ಸ್ಥಿತಿ ಬೇರೆ: ಮನೆಗೆಲ್ಲ ಒಂದೇ ಹೀಟಿಂಗ್, ಗೋಡೆಯೊಳಗೆ ಶಾಖ ತಡೆಯುವ ಹೊದಿಕೆ, ಒಂದು ಕೋಣೆ ಮಾತ್ರ ಯಾಕೋ ತಣ್ಣಗೆ. ಅಲ್ಲಿನ 120 ವೋಲ್ಟ್, 15 ಆಂಪಿಯರ್ ಸಾಕೆಟ್ಟಿನಿಂದಾಗಿ ಮನೆಬಳಕೆಯ ಹೀಟರುಗಳು ಸಾಮಾನ್ಯವಾಗಿ 1500 ವಾಟ್‌ಗೆ ನಿಲ್ಲುತ್ತವೆ. ಮೂವತ್ತು ಡಾಲರಿನದೂ ಅಷ್ಟೇ, ಮರದ ಪೆಟ್ಟಿಗೆಯಲ್ಲಿಟ್ಟು ಮುನ್ನೂರು ಡಾಲರಿಗೆ ಮಾರುವುದೂ ಅಷ್ಟೇ. ಇತ್ತ ಕೊಡಗು, ಆಗುಂಬೆಯ ಕಡೆಯ ಚಳಿ ಜನವರಿಗಿಂತ ಜುಲೈನದು, ಒಣಗದ ಬಟ್ಟೆಯದು, ಬೂಸ್ಟು ಹಿಡಿದ ಗೋಡೆಯದು. ಆ ತೇವಕ್ಕೆ ಕೋಣೆಯ ಗಾಳಿ ಬಿಸಿಯಾದರೆ ಲಾಭವಿದೆ ನಿಜ. ಆದರೆ ಮರ ಬಿದ್ದು ಲೈನ್ ಹರಿದು ಮೂರು ದಿನ ಕರೆಂಟಿಲ್ಲದಿರುವುದೂ ಅದೇ ಜುಲೈನಲ್ಲಿ. ಅಲ್ಲಿ ಒಲೆಯನ್ನು ಕೆಡವಿ ಹೀಟರ್ ನಂಬುವವರು ಧೈರ್ಯಸ್ಥರು.

ಮೈ ಕಾಯಿಸುವುದಕ್ಕೂ ಮಿತಿ ಇದೆ ಎಂಬುದನ್ನು ನನ್ನ ವಾದದ ವಿರುದ್ಧ ಯಾರಾದರೂ ಎತ್ತಿದರೆ ಒಪ್ಪುತ್ತೇನೆ. ಕಾಶ್ಮೀರದಲ್ಲಿ ಫಿರನ್ ಎಂಬ ನಿಲುವಂಗಿಯೊಳಗೆ ಕಾಂಗಡಿ ಎಂಬ ಕೆಂಡದ ಕುಡಿಕೆ ಇಟ್ಟುಕೊಳ್ಳುವವರ ಹೊಟ್ಟೆ, ತೊಡೆಯ ಚರ್ಮದ ಮೇಲೆ ವರ್ಷಗಟ್ಟಲೆ ತಾಗಿದ ಕಾವಿನಿಂದ ಒಂದು ಬಗೆಯ ಕ್ಯಾನ್ಸರ್ ಬರುವುದನ್ನು ವೈದ್ಯರು ಹತ್ತೊಂಬತ್ತನೆಯ ಶತಮಾನದಲ್ಲೇ ಗುರುತಿಸಿದ್ದರು. ರಾಡಿಗೆ ಮೊಳಕಾಲು ತಾಗಿಸಿ ದಿನವೂ ಗಂಟೆಗಟ್ಟಲೆ ಕೂರುವವರ ಚರ್ಮದಲ್ಲೂ ಬಲೆಯಂಥ ಕಂದು ಗೆರೆಗಳು ಮೂಡಬಹುದು. ಹಾಗಾಗಿ ಮೂರಡಿ ದೂರ ಇರಬೇಕು. ಮನುಷ್ಯರಿಗೆ ಹೇಗೋ ಪರದೆ, ಹಾಸಿಗೆ, ಪೇಪರ್ ರಾಶಿಗೂ ಹಾಗೆಯೇ. ಮಲಗುವಾಗ ರಾಡ್ ಹೀಟರ್ ಆರಿಸಿಯೇ ಮಲಗಬೇಕು, ಬಚ್ಚಲಿಗೆ ಒಯ್ಯಲೇಬಾರದು. ಉರುಳಿಬಿದ್ದರೆ ತಾನೇ ಆರುವ ಸ್ವಿಚ್ ಇದೆಯೇ, ಐಎಸ್‌ಐ ಗುರುತು ಇದೆಯೇ, ಜಾಲರಿಯೊಳಗೆ ಮಗುವಿನ ಬೆರಳು ತೂರುತ್ತದೆಯೇ ಎಂದು ಅಂಗಡಿಯಲ್ಲೇ ನೋಡುವುದು ಫಿನ್ ಎಣಿಸುವುದಕ್ಕಿಂತ ಉಪಯುಕ್ತ.

ಅಂಗಡಿಗೆ ಹೊರಡುವ ಮೊದಲು ಮನೆಯ ಗೋಡೆಯನ್ನೇ ಒಮ್ಮೆ ನೋಡಬೇಕು. 2000 ವಾಟ್‌ನ ಹೀಟರ್ 230 ವೋಲ್ಟಿನಲ್ಲಿ ಎಳೆಯುವುದು 8.7 ಆಂಪಿಯರ್. ಅದಕ್ಕೆ ದಪ್ಪ ಪಿನ್ನಿನ 16 ಆಂಪಿಯರ್ ಪವರ್ ಪ್ಲಗ್ ಬೇಕು. ಸಾಮಾನ್ಯ ಮನೆಯಲ್ಲಿ ಅಂಥ ಪಾಯಿಂಟ್ ಇರುವುದು ಅಡುಗೆಮನೆಯಲ್ಲಿ, ಗೀಸರಿಗೆಂದು ಬಚ್ಚಲಿನಲ್ಲಿ, ಎ.ಸಿ.ಗೆಂದು ಮಲಗುವ ಕೋಣೆಯ ಸೂರಿನ ಹತ್ತಿರ, ಏಣಿ ಹಾಕಿದರೆ ಮಾತ್ರ ಕೈಗೆಟಕುವ ಎತ್ತರದಲ್ಲಿ. ಹೀಟರಿನ ವೈರು ಅಲ್ಲಿಗೆ ಮುಟ್ಟುವುದಿಲ್ಲ. ಆಗ ಮೊಬೈಲ್ ಚಾರ್ಜಿಗೆಂದು ತಂದ ತೆಳು ವೈರಿನ ಎಕ್ಸ್‌ಟೆನ್ಷನ್ ಬಾಕ್ಸು, ಅದಕ್ಕೊಂದು ಕನ್ವರ್ಟರ್ ಪ್ಲಗ್ಗು, ಅದಕ್ಕೆ ಹೀಟರು. ಪ್ಲಗ್ಗಿನ ಪ್ಲಾಸ್ಟಿಕ್ ಕಂದಾಗುವುದು, ಸುಟ್ಟ ವಾಸನೆ ಬರುವುದು ಇಲ್ಲಿಂದ. ಬಿಸಿ ಕೋಣೆಗೆ ಬರುವ ಬದಲು ವೈರಿನೊಳಗೆ ಹುಟ್ಟುತ್ತದೆ, ಜೂಲ್‌ನ ನಿಯಮಕ್ಕೆ ಹೀಟರ್ ಯಾವುದು ವೈರ್ ಯಾವುದು ಎಂಬ ಭೇದವಿಲ್ಲ. 800 ವಾಟ್‌ನ ರಾಡ್ ಹೀಟರಿಗೆ ಬೇಕಾದದ್ದು ಮೂರೂವರೆ ಆಂಪಿಯರ್, ಎಲೆಕ್ಟ್ರಿಕ್ ಹಾಸಿಗಾದರೆ ಕಾಲು ಆಂಪಿಯರಿನಷ್ಟು. ಎರಡೂ ಮಂಚದ ಪಕ್ಕದ 6 ಆಂಪಿಯರ್ ಸಾಕೆಟ್ಟಿನಲ್ಲಿ ನೇರವಾಗಿ ಕೂರುತ್ತವೆ. ಇಷ್ಟಾದ ಮೇಲೂ ಕೋಣೆಯೇ ಬೆಚ್ಚಗಾಗಬೇಕು ಅನ್ನುವವರಿಗೆ, ಅಥವಾ ಅನ್ನಲೇಬೇಕಾದ ಕಾರಣ ಇರುವವರಿಗೆ, ಹೀಟರಿಗಿಂತ ಮೊದಲು ಎಲೆಕ್ಟ್ರಿಷಿಯನ್ ಬೇಕು: ನೆಲದಿಂದ ಒಂದಡಿ ಎತ್ತರಕ್ಕೆ, ಸರಿಯಾದ ದಪ್ಪದ ವೈರೆಳೆದು, ಅರ್ಥಿಂಗ್ ಪರೀಕ್ಷಿಸಿ, ತನ್ನದೇ ಎಂಸಿಬಿ ಇರುವ ಒಂದು ಪವರ್ ಪಾಯಿಂಟ್ ಹಾಕಿಕೊಡಲು. ಅವನು ಬಂದ ದಿನವೇ ಮೀಟರಿನ ಮಂಜೂರಾದ ಲೋಡ್ ಎಷ್ಟು ಕಿಲೊವಾಟ್ ಎಂದೂ ಕೇಳಿಟ್ಟುಕೊಳ್ಳಬಹುದು. ಗೀಸರೂ ಹೀಟರೂ ಒಟ್ಟಿಗೆ ಹೊತ್ತಿಕೊಳ್ಳುವ ಬೆಳಗ್ಗೆ ಆ ಅಂಕಿ ಬೇಕಾಗುತ್ತದೆ.